ಮಂಗಳ ಹಾಡದ ಭಾನುವಾರ

ಪೀಣ್ಯದ ನಮ್ಮ ಕಾರ್ಖಾನೆಗೆ ಐರ್ಲೆಂಡಿನಿಂದ ಲೋಹದ ಬಿಡಿಭಾಗ ಉಜ್ಜುವ ಗ್ರೈಂಡಿಂಗ್ ಮೆಷಿನ್ ತರಿಸಿದ್ದು ಮ್ಯಾನೇಜರಾಗಿದ್ದ ನನ್ನ ಮಾತು ಕೇಳಿ. ತೊಂಬತ್ತರ ದಶಕದ ನಡುವಿನ ಕತೆ. ಆಗ ವಿದೇಶಿ ಮೆಷಿನ್ ಎಂದರೆ ನಮಗೆಲ್ಲ ಹೊಸ ಅಳಿಯನ ಮೇಲಿನಷ್ಟೇ ಅಕ್ಕರೆ. ಅದಕ್ಕೆ ಜಾಗ ಮಾಡಲು ಚೆನ್ನಾಗಿಯೇ ಓಡುತ್ತಿದ್ದ ಹಳೆಯದನ್ನು ಗುಜರಿಗೆ ಹಾಕಿದೆವು. ಹೊಸದು ಮಾತ್ರ ಅಳತೆಗೆ ಸರಿಯಾಗಿ ಒಂದು ಪೀಸನ್ನೂ ಕೊಡಲಿಲ್ಲ. ಅದನ್ನು ಕೂರಿಸಲು ಎರಡು ವಾರಕ್ಕೆಂದು ಬಂದಿದ್ದ ಐರಿಷ್ ಫಿಟ್ಟರ್ ಆರು ವಾರ ಒದ್ದಾಡಿ, ಒಂದು ಶನಿವಾರ ಸ್ಪ್ಯಾನರ್ ಕೆಳಗಿಟ್ಟು, ಸೋಮವಾರ ಊರಿಗೆ ಹೋಗುತ್ತೇನೆ ಎಂದುಬಿಟ್ಟ.

ಅವನು ಹೋದರೆ ಮೆಷಿನ್ ಸತ್ತಂತೆ. ಮೆಷಿನ್ ಸತ್ತರೆ ಅದರ ಆಪರೇಟರನ್ನು ತಿಂಗಳ ಕೊನೆಗೆ ಮನೆಗೆ ಕಳಿಸುವುದಾಗಿ ಮಾಲೀಕರು ಹೇಳಿಯಾಗಿತ್ತು. ಆ ಆಪರೇಟರು ಐವತ್ತು ದಾಟಿದವರು, ಟಿ. ದಾಸರಹಳ್ಳಿಯ ಬಾಡಿಗೆ ಮನೆಯವರು, ನಮ್ಮ ಕಾರ್ಖಾನೆಯ ಶನಿವಾರದ ಭಜನೆಗೆ ಮುಂದಾಳು. ನನ್ನ ಜಾಣತನದ ಫಲವನ್ನು ಅವರು ಉಣ್ಣಬೇಕಾಗಿ ಬಂದದ್ದು ನನಗೆ ಸಂಕಟವಾಗಿತ್ತು.

ಮಾಲೀಕರು ನನ್ನನ್ನು ಕರೆದರು. "ಅವ್ನಿಗೆ ಊರಿನ ಚಿಂತೆ ಹತ್ತಿದೆ ಕಣ್ರೀ. ಅವನೂರಲ್ಲಿ ಭಾನುವಾರ ಅಂದ್ರೆ ಸಮುದ್ರದ ದಂಡೆ ಮೇಲೆ ಕಾರಲ್ಲಿ ಸುತ್ತಾಟ, ಸಂಜೆ ಪಬ್ಬಲ್ಲಿ ಸಂಗೀತವಂತೆ. ಎರಡೂ ನಾಳೆ ಮಾಡಿಸ್ಬಿಡಿ."

"ಸಾರ್, ಸಮುದ್ರ ಮಂಗಳೂರಲ್ಲಿದೆ."

"ಸಮುದ್ರವೇ ಬೇಕು ಅಂತ ನಾನೆಲ್ಲಿ ಹೇಳ್ದೆ? ದಂಡೆ ಇದ್ರೆ ಸಾಕು."

ಹೀಗಾಗಿ ಭಾನುವಾರ ಕಂಪನಿಯ ವ್ಯಾನಿನಲ್ಲಿ ಅವನನ್ನು ಹೆಸರಘಟ್ಟದ ಕೆರೆಗೆ ಕರೆದೊಯ್ದೆ. ಹಿಂದೊಮ್ಮೆ ನಾನು ನೋಡಿದಾಗ ಅಲ್ಲಿ ಕಣ್ಣು ಹಾಯುವಷ್ಟೂ ನೀರಿತ್ತು. ಈಗ ಕಣ್ಣು ಹಾಯುವಷ್ಟೂ ಹುಲ್ಲು, ನಡುವೆ ದನ, ಆಚೆ ಎರಡು ಕ್ರಿಕೆಟ್ ಪಂದ್ಯ. ಅವನು ಕ್ಯಾಮೆರಾ ಹಿಡಿದು ಇಳಿದ, ಬಹಳ ಹೊತ್ತು ನೋಡಿದ, ಆಮೇಲೆ ಕೇಳಿದ:

"ಇದು ಉಬ್ಬರ ಇಳಿದ ಹೊತ್ತೇ?"

ಹೌದು ಎಂದೆ. ಬೇರೇನು ಹೇಳಲಿ? ನೀರು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದ. ಪಕ್ಕದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನಿಗೆ ಕುತೂಹಲ. ಪ್ರಶ್ನೆಯನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ. "ಮಳೆ ಉಯ್ದ್ರೆ ಬತ್ತದೆ ಸಾಮಿ. ನಾನು ನೀರು ಕಂಡು ಏಸೋ ವರ್ಸ ಆಯ್ತು," ಎಂದ.

"ಸ್ವಲ್ಪ ತಡವಾಗಬಹುದಂತೆ," ಎಂದು ನಾನು ಇಂಗ್ಲಿಷಿಗೆ ತಂದೆ. ಫಿಟ್ಟರ್ ಏರಿಯ ಮೇಲೆ ಕೂತು ಒಂದು ಗಂಟೆ ಕಾದ. ನನ್ನನ್ನು ನಂಬಿದ್ದನೋ, ಮರ್ಯಾದೆಗೆ ಸುಮ್ಮನಿದ್ದನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಸಂಜೆಯದು ಇನ್ನೂ ದೊಡ್ಡ ತಲೆನೋವು. ಹಾಡಲು ನಮ್ಮ ಭಜನೆಯವರು ತಯಾರಿದ್ದರು, ಆದರೆ ಬಾರಿನೊಳಗೆ ಕಾಲಿಡುವುದಿಲ್ಲ ಎಂದರು. ಬಾರಿನವನೂ ಒಪ್ಪಲಿಲ್ಲ. "ಭಜನೆ ಕೇಳಿ ಗಿರಾಕಿಗಳು ಚಪ್ಪಲಿ ಬಿಟ್ಟು ಕೈಮುಗಿದ್ರೆ ನನ್ ಗತಿಯೇನು ಸಾರ್?" ಎಂದ. ಕೊನೆಗೆ ಬಾರಿನ ಮೇಜು, ಕುರ್ಚಿ, ಬಿಯರ್ ಮಗ್ಗುಗಳನ್ನು ಬಾಡಿಗೆಗೆ ತಂದು ಕಾರ್ಖಾನೆಯ ಶೆಡ್ಡಿನಲ್ಲೇ ಪಬ್ ಮಾಡಿದೆವು. ಮಗ್ಗಿಗೆ ಬೆಲ್ಲದ ಪಾನಕ ಸುರಿದೆವು. ಕಾಲು ಇಳಿಬಿಟ್ಟು ಹಾಡಿ ಅಭ್ಯಾಸವಿಲ್ಲದ ಹತ್ತು ಜನ ಬಾರಿನ ಕುರ್ಚಿಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಅತಿಥಿಯೂ ಶೂ ಬಿಚ್ಚಿ, ಊರಿನಿಂದ ಜೊತೆಗೆ ತಂದಿದ್ದ ಪಿಟೀಲು ತೆಗೆದು, ತನ್ನೂರಿನ ಕುಣಿತದ ಮಟ್ಟೊಂದನ್ನು ಬಾರಿಸಿದ.

ಭಜನೆಯಲ್ಲಿ ಮೊದಲು ಒಬ್ಬರು ಹೇಳಬೇಕು, ಉಳಿದವರು ಅದನ್ನೇ ತಿರುಗಿ ಹೇಳಬೇಕು. ಅವನ ಒಂದು ಸುತ್ತು ಮುಗಿದೊಡನೆ ನಮ್ಮ ಆಪರೇಟರು ಕಣ್ಣು ಮುಚ್ಚಿ ಅದನ್ನೇ "ತಾನ ನಾನ" ಎಂದು ಹಾಡಿದರು. ಹತ್ತು ಜನ ತಾಳ ತಟ್ಟುತ್ತ ಅದನ್ನೇ ಹೇಳಿದರು. ಅವನ ಮುಖ ಅರಳಿತು. ಮತ್ತೆ ಬಾರಿಸಿದ, ಇವರು ಮತ್ತೆ ಹೇಳಿದರು.

ತೊಡಕು ಎಲ್ಲಿತ್ತೆಂದರೆ, ಅವನೂರಿನ ಪಬ್ಬಿನಲ್ಲಿ ಒಂದೇ ಮಟ್ಟು ಸುತ್ತಿ ಸುತ್ತಿ ಬರುತ್ತದಂತೆ, ಜೊತೆಯವರು ಹಾಡುತ್ತಿರುವಾಗ ನಡುವೆ ನಿಲ್ಲಿಸುವುದು ಒರಟುತನವಂತೆ. ನಮ್ಮಲ್ಲಿ ಮುಂದಾಳು ಕರ್ಪೂರ ಹಚ್ಚಿಸಿ ಮಂಗಳ ಹಾಡುವ ತನಕ ಯಾರೂ ಏಳುವಂತಿಲ್ಲ. ಐದಕ್ಕೆ ಶುರುವಾದದ್ದು ಆರಾಯಿತು, ಏಳಾಯಿತು, ಎಂಟಾಯಿತು. ಅದೇ ಮಟ್ಟು. ನನಗೆ ಹಸಿವು, ಸಿಟ್ಟು. ಮಂಗಳ ಹಾಡಿ ಎಂದು ಗಾಳಿಯಲ್ಲೇ ಆರತಿ ಎತ್ತಿ ತೋರಿಸಿದೆ. ಆಪರೇಟರು ನನ್ನನ್ನು ನೋಡಿ ಮತ್ತೆ ಕಣ್ಣು ಮುಚ್ಚಿಕೊಂಡರು. ಎಂಟೂವರೆಗೆ ಪಿಟೀಲಿನ ತಂತಿ ಹರಿದದ್ದರಿಂದ ಬಚಾವಾದೆವು.

"ಏನ್ರೀ, ಮಂಗಳ ಹಾಡೋಕೆ ನಿಮಗೇನಾಗಿತ್ತು?" ಎಂದು ರೇಗಿದೆ.

ಅವರು ತಾಳ ಒರೆಸುತ್ತ ಹೇಳಿದರು: "ಮಂಗಳ ಆದ್ರೆ ಎಲ್ರೂ ಎದ್ದು ಹೋಗ್ಬೋದಲ್ಲ ಸಾರ್. ಅವ್ರೂ ಹೋಗ್ತಾರೆ. ಭಜನೆ ಅರ್ಧಕ್ಕೆ ನಿಂತಿದೆ, ಮಿಷನ್ ಓಡೋ ದಿನ ಮುಗಿಸ್ತೀವಿ ಅಂತ ಅವ್ರಿಗೆ ಹೇಳಿ."

ಅಷ್ಟು ಹೊತ್ತೂ ಆ ಮನುಷ್ಯ ಹಾಡಿದ್ದು ತನ್ನ ಕೆಲಸಕ್ಕಾಗಿ, ನಾನು ಯೋಚಿಸಿದ್ದು ನನ್ನ ಊಟವನ್ನು. ನಾಚಿಕೆಯಾಯಿತು. ಅವರ ಮಾತನ್ನು ಒಂದಕ್ಷರ ಬಿಡದೆ ಫಿಟ್ಟರಿಗೆ ಹೇಳಿದೆ. ಅವನು ಹರಿದ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿಸಿಕೊಂಡ.

ಸೋಮವಾರ ಬೆಳಿಗ್ಗೆ ಗೇಟಿನ ಬಳಿ ಅವನ ಸೂಟ್‌ಕೇಸ್ ಕಂಡು, ಹೊರಟೇಬಿಟ್ಟ ಎಂದುಕೊಂಡೆ. ಒಳಗೆ ಹೋದರೆ ಮೆಷಿನ್ನಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು. ವಿಮಾನ ನಿಲ್ದಾಣಕ್ಕೆಂದು ಬಂದಿದ್ದ ಟ್ಯಾಕ್ಸಿಯನ್ನು ಅವನು ಗೇಟಿನಿಂದಲೇ ವಾಪಸು ಕಳಿಸಿದ್ದ.

ಹನ್ನೊಂದನೆಯ ದಿನ ಮೆಷಿನ್ ಅಳತೆಗೆ ಸರಿಯಾದ ಪೀಸು ಕೊಟ್ಟಿತು. ಅದರ ಮುಂದೆಯೇ ಕರ್ಪೂರ ಹಚ್ಚಿದೆವು. ಅತಿಥಿ ಹೊಸ ತಂತಿ ಕಟ್ಟಿದ ಪಿಟೀಲು ಹಿಡಿದು ನಿಂತ. ಆಪರೇಟರು ಮಂಗಳಕ್ಕೆ ಬಾಯಿ ತೆರೆದರು. ಮೂರೂವರೆ ಗಂಟೆ ದಣಿಯದ ಗಂಟಲು ಮೊದಲ ಪದಕ್ಕೇ ಕಟ್ಟಿಕೊಂಡಿತು. ಯಾರಾದರೂ ಹೇಳದೆ ಉಳಿದವರು ತಿರುಗಿ ಹೇಳುವಂತಿಲ್ಲ. ಕರ್ಪೂರ ಕರಗುತ್ತಿತ್ತು. ಎಲ್ಲರೂ ಕಾದರು.

ಭಜನೆಯಲ್ಲಿ ಎಂದೂ ಬಾಯಿ ಬಿಡದ ನಾನು, ನನ್ನ ಒಡಕು ದನಿಯಲ್ಲಿ ಮೊದಲ ಸಾಲು ಹಾಡಿದೆ. ಹತ್ತು ಜನರೂ ಪಿಟೀಲೂ ಅದನ್ನು ಹಾಗೆಯೇ ತಿರುಗಿ ಹೇಳಿದರು, ನಾನು ತಪ್ಪಿದ ಕಡೆಯೆಲ್ಲ ತಾವೂ ತಪ್ಪಿ.