ಎಂಟು ಪಿನ್ನು, ಎಂಟು ಎಳೆ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಏಳೂ ನಲವತ್ತು. ವಳಸಂಗದಿಂದ ಕೆಲಸಕ್ಕೆ ಹೋಗುವ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ.

ನಿನ್ನೆ ಬೆಸುಗೆ ಸಾಮಾನಿನ ಡಬ್ಬಿ ತೆಗೆದಾಗ ಸುಟ್ಟ ರಾಳದ ವಾಸನೆಯ ಜೊತೆ ಒಂದು ರಟ್ಟಿನ ತುಂಡು ಕೈಗೆ ಬಂತು. ಅಂಗೈಯಗಲ. ಎಂಟು ತೂತು, ಎಂಟು ನೂಲು. ಮೊದಲನೆಯದು ಕೆಂಪು, ಅದಕ್ಕೊಂದು ಗಂಟು...

ಅದನ್ನು ಹೊಲಿದವರು ನಮ್ಮ ಕಾಕಾ; ನೆಂಟರಲ್ಲ, ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯಲ್ಲಿ ಮಗ್ಗಕ್ಕೆ ಹಾಸಿನ ಎಳೆ ಪೋಣಿಸುವುದು ಅವರ ಕೆಲಸ. ಆಗ ನಾನು ಹೊಸದಾಗಿ ಸೇರಿದವಳು. ಎಳೆ ಹರಿದರೆ ತೋರಿಸುವ ಕ್ಯಾಮೆರಾವನ್ನು ಸಣ್ಣದೊಂದು ಬೋರ್ಡಿಗೆ ಜೋಡಿಸುವುದು ನನ್ನ ಪಾಲಿಗೆ ಬಂದಿತ್ತು. ಇದ್ದದ್ದು ಎರಡೇ ಬೋರ್ಡು. ಒಂದನ್ನು ಮೂರನೆಯ ದಿನವೇ ಸುಟ್ಟೆ.

"ಇನ್ನೊಂದೂ ಸುಟ್ಟರ ಕ್ಯಾಮೆರಾ ಗೋದಾಮಿಗೆ, ನೀ ಮನಿಗೆ," ಎಂದರು ಮಾಲೀಕರು.

ವೈರು ಜೋಡಿಸುವ ನಕ್ಷೆಯನ್ನು ಹನ್ನೊಂದು ಸಲ ಓದಿದ್ದೆ, ನಾನು ದಿನವೂ ಬರೆಯುವ ವಹಿಯಲ್ಲಿ ಲೆಕ್ಕವಿದೆ. ಕ್ಯಾಮೆರಾದ ವೈರು ಬೋರ್ಡಿಗೆ ಸೇರುವ ಕನೆಕ್ಟರಿನಲ್ಲಿ ಎಂಟು ಪಿನ್ನು. ಒಂದನೆಯದಕ್ಕೆ ಹನ್ನೆರಡು ವೋಲ್ಟ್, ಎರಡನೆಯದು ಗ್ರೌಂಡ್, ಎಂಟನೆಯದರಲ್ಲಿ ಚಿತ್ರ ಒಳಬರಬೇಕು. ಏಳನೆಯದರ ಮುಂದೆ ಏನೂ ಬರೆದಿರಲಿಲ್ಲ. ಎಲ್ಲವನ್ನೂ ಎಣಿಸಿಯೇ ಬೆಸುಗೆ ಹಾಕಿದ್ದೆ. ಆದರೂ ಸುಟ್ಟಿತು.

ಕಾಕಾ ಚಹಾ ಹಿಡಿದು ಬಂದು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಅದು ಇಂಗ್ಲಿಷಿನಲ್ಲಿತ್ತು, ಅವರಿಗೆ ಓದಲು ಬರುತ್ತಿದ್ದುದು ಮರಾಠಿ ಒಂದೇ.

"ಮಗಳ, ಇದನ್ನ ಬರದಾವ ಮುಂದ ಕುಂತಾನೋ, ಹಿಂದ ಕುಂತಾನೋ?"

"ಅಂದ್ರ ಏನ್ರಿ ಕಾಕಾ?"

"ಮಗ್ಗದ ಹಿಂದ ಒಬ್ಬಾವ ಕುಂತು ಎಳಿ ಕೊಡತಾನ, ಮುಂದ ನಾ ತಗೋತೀನಿ. ಅವನ ಎಡಗಡಿದು ನನಗ ಬಲಗಡಿದು. ನೀ ಯಾವ ಕಡಿ ಕುಂತು ಎಣಿಸಿದಿ?"

ಕನೆಕ್ಟರನ್ನು ತಿರುಗಿಸಿ ನೋಡಿದೆ. ನಕ್ಷೆ ಕನೆಕ್ಟರಿನ ಮುಖ ನೋಡಿ ಬರೆದದ್ದು. ನಾನು ಬೆಸುಗೆ ಹಾಕಿದ್ದು ಅದರ ಬೆನ್ನ ಕಡೆ. ನನ್ನ ಒಂದು ಅಲ್ಲಿ ಎಂಟಾಗಿತ್ತು. ಹನ್ನೆರಡು ವೋಲ್ಟ್ ಹೋಗಿ ಚಿತ್ರದ ಪಿನ್ನಿಗೆ ನುಗ್ಗಿತ್ತು.

ಕಾಕಾ ನಗಲಿಲ್ಲ, ಯಾರಿಗೂ ಹೇಳಲಿಲ್ಲ. ನೂಲಿನ ಪೆಟ್ಟಿಗೆಯ ರಟ್ಟು ಹರಿದು ಎಂಟು ತೂತು ಮಾಡಿ ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು ಪೋಣಿಸಿದರು. ಕೆಂಪು ನೂಲಿನ ಗಂಟು ಕಂಡರೆ ಅದು ಮುಖ, ಕಾಣದಿದ್ದರೆ ಬೆನ್ನು. ಏಳನೆಯ ತೂತಿಗೂ ಬಿಳಿ ನೂಲು ತೆಗೆದರು.

"ಅದು ಖಾಲಿ ಐತ್ರಿ," ಎಂದೆ.

"ಖಾಲಿ ಜಾಗಾಕ್ಕೂ ಎಳಿ ಇರಬೇಕು. ಇಲ್ಲಂದ್ರ ಮುಂದಿನ ಎಣಿಕಿ ತಪ್ಪತೈತಿ."

ಆ ರಟ್ಟು ನೋಡಿಕೊಂಡೇ ಎರಡನೆಯ ಬೋರ್ಡು ಜೋಡಿಸಿದೆ. ಸ್ವಿಚ್ಚಿಗೆ ಕೈ ಹೋಗಲಿಲ್ಲ, ಕಾಕಾ ಒತ್ತಿದರು. ಪರದೆಯ ಮೇಲೆ ಟವೆಲ್ಲು ಮೂಡಿತು, ಅದರಲ್ಲೊಂದು ಹರಿದ ಎಳೆಯೂ.

"ತೋರಸಲಿ, ತೋರಸಲಿ. ಗಂಟು ಹಾಕಾಕ ನಾನ ಬೇಕಲ್ಲ!" ಎಂದು ಮಗ್ಗದ ಕಡೆ ನಡೆದರು.

ಕೆಲಸ ಉಳಿಯಿತು. ಇವತ್ತಿಗೂ ಅಲ್ಲೇ ಇದ್ದೇನೆ.

ಈ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನನ್ನ ವಹಿಯಲ್ಲಿ ಅವರು ಬರುವುದು ಮೂವತ್ತೊಂದು ಕಡೆ. ಆದರೆ ಅಕ್ಕಲಕೋಟದ ಕಡೆ ಅವರದು ಯಾವ ಊರು, ಆ ಕೈಕೆಲಸ ಕಲಿಸಿದವರು ಯಾರು... ಒಮ್ಮೆಯೂ ಕೇಳಲಿಲ್ಲ. ವಹಿಯಲ್ಲಿ ಆ ಎರಡು ಸಾಲು ಖಾಲಿ ಬಿಟ್ಟೇ ಮುಂದೆ ಬರೆದಿದ್ದೇನೆ. ಯಾವುದೋ ಮಗ್ಗದ ಹಿಂದೆ ಕುಳಿತು ಅವರಿಗೆ ಎಳೆ ಕೊಟ್ಟವರು ಇದನ್ನು ಓದಿದರೆ, ದಯವಿಟ್ಟು ಅವರ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ.