ಸೂಗಮ್ಮನ ಗುಳಿಗೆಯ ಹೊತ್ತು

ಹುಮನಾಬಾದಿನ ಹಳೇ ಬಸ್ ನಿಲ್ದಾಣದ ಎದುರಿಗಿದ್ದ ಸೂಗಮ್ಮನ ಖಾನಾವಳಿಯಲ್ಲಿ ಉಂಡವರು ಇನ್ನೂ ಕೆಲವರು ಉಳಿದಿದ್ದಾರೆ. ಅವರನ್ನು ಮಾತಿಗೆಳೆದರೆ ಪುಂಡಿಪಲ್ಯದ ಸುದ್ದಿ ಆಮೇಲೆ ಬರುತ್ತದೆ, ಮೊದಲು ಬರುವುದು ರೊಟ್ಟಿ ಬಡಿಯುವ ಸಪ್ಪಳದ ಸುದ್ದಿ. ಅಡತಿ ಬಜಾರಿನಲ್ಲಿ ತೊಗರಿ ಚೀಲ ಹೊರುವ ಹಮಾಲರು ಆ ಸಪ್ಪಳ ಕಿವಿಗೆ ಬಿದ್ದ ಕೂಡಲೇ ಹೆಗಲ ಮೇಲಿನ ಧೂಳು ಝಾಡಿಸಿ ಎದ್ದು ಬರುತ್ತಿದ್ದರು. ತಗಡಿನ ಮಾಡು, ಸಗಣಿ ಸಾರಿಸಿದ ನೆಲ, ಗೋಡೆಗುಂಟ ಉದ್ದಕ್ಕೆ ಹಾಸಿದ ಗೋಣಿತಟ್ಟು. ಬೋರ್ಡು ಇರಲಿಲ್ಲ. ಅದರ ಗರಜೂ ಇರಲಿಲ್ಲ. ಹೊಟ್ಟೆ ಹಸಿದವನಿಗೆ ಮೂಗೇ ದಾರಿ ತೋರಿಸುತ್ತಿತ್ತು.

ಅಲ್ಲಿ ಉಂಡವರಿಗೆಲ್ಲ ಗೊತ್ತಿದ್ದ ಇನ್ನೊಂದು ಸಂಗತಿಯಿತ್ತು. ಬಸವಕಲ್ಯಾಣದಿಂದ ಬರುವ ಮಧ್ಯಾಹ್ನದ ಗಾಡಿ ಬಂದು, ಅದರಿಂದ ಇಳಿದವರು ಉಂಡು ಕೈ ತೊಳೆಯುವತನಕ ಸೂಗಮ್ಮ ಒಂದು ತುತ್ತು ಬಾಯಿಗೆ ಹಾಕುತ್ತಿರಲಿಲ್ಲ. ಆ ಗಾಡಿ ಹೆಸರಿಗಷ್ಟೇ ಮಧ್ಯಾಹ್ನದ್ದು. ಒಮ್ಮೆ ಹೊತ್ತು ನೆತ್ತಿಯ ಮೇಲಿದ್ದಾಗ ಬರುತ್ತಿತ್ತು, ಒಮ್ಮೆ ದನ ಮನೆಗೆ ತಿರುಗುವಾಗ ಬರುತ್ತಿತ್ತು.

ಈ ಪದ್ಧತಿ ಹುಟ್ಟಿದ್ದು ಸೂಗಮ್ಮ ಈ ಮನೆಯ ಹೊಸ್ತಿಲು ತುಳಿದ ದಿನ. ಕನ್ನಡ ನಾಡು ಒಂದಾಗಿ, ಎಲ್ಲರ ಬಾಯಲ್ಲಿ ಕಲ್ಯಾಣಿ ಎನಿಸಿಕೊಂಡಿದ್ದ ಅವಳ ತವರೂರು ಬಸವಕಲ್ಯಾಣವೆಂದು ಕರೆಸಿಕೊಂಡ ವರ್ಷ ಅದು. ಮದುವೆ ಮುಂಚೆಯೇ ಆಗಿತ್ತು, ಗಂಡನ ಮನೆಗೆ ಬಾಳಲು ಬಂದದ್ದು ಆಗ. ಅಪ್ಪ ಕರೆದುಕೊಂಡು ಹೊರಟಿದ್ದ. ರಾಜೇಶ್ವರದ ಹತ್ತಿರ ಬಸ್ಸು ಕೆಟ್ಟು ನಿಂತಿತು. ಡ್ರೈವರ ಅದರ ಹೊಟ್ಟೆಯ ಕೆಳಗೆ ಹೊಕ್ಕವನು ಹೊತ್ತಿಳಿಯುವತನಕ ಹೊರಬೀಳಲೇ ಇಲ್ಲ. ಹುಮನಾಬಾದ್ ಮುಟ್ಟಿದಾಗ ಮನೆಮನೆಗೂ ದೀಪ ಹತ್ತಿತ್ತು. ಹಸಿದ ಹುಡುಗಿ ನಾಚಿ ಬಾಗಿಲಲ್ಲೇ ನಿಂತಳು. ಮನೆಯವರದೆಲ್ಲ ಊಟವಾಗಿದೆಯೆಂದು ತೊಳೆದಿಟ್ಟ ತಾಟು ನೋಡಿಯೇ ಅವಳಿಗೆ ತಿಳಿಯಿತು.

ಆಗ ಖಾನಾವಳಿ ನಡೆಸುತ್ತಿದ್ದ ಅತ್ತೆ ಸಂಗಮ್ಮ ಬಂದು ಅವಳ ಕೈ ಹಿಡಿದಳು. "ಬಾ ನನ ಯವ್ವಾ. ನಿನ್ನ ದಾರಿನೇ ಕಾಯಾಕತ್ತಿದ್ದೆ. ನಾನೂ ಉಂಡಿಲ್ಲ, ನಡಿ."

ಇಬ್ಬರೂ ಒಲೆಯ ಮುಂದೆ ಕುಳಿತರು. ಅತ್ತೆ ಅರ್ಧ ರೊಟ್ಟಿ ಮುರಿದುಕೊಂಡು, ಸೊಸೆಯ ತಾಟಿಗೆ ರೊಟ್ಟಿಯ ಮೇಲೆ ರೊಟ್ಟಿ ಇಟ್ಟಳು. ವಯಸ್ಸಾದವರ ಹಸಿವು ಇಷ್ಟೇ ಇರಬೇಕು ಎಂದುಕೊಂಡಳು ಸೂಗಮ್ಮ. ಮದುವೆಯಲ್ಲಷ್ಟೇ ಕಂಡಿದ್ದ ಹೆಣ್ಣುಮಗಳೊಬ್ಬಳು ತನ್ನ ಸಲುವಾಗಿ ಹೊತ್ತು ಮುಳುಗುವತನಕ ಉಪವಾಸ ಕುಳಿತಿದ್ದಳೆಂಬ ಮಾತು ಅವಳ ಎದೆಯಲ್ಲಿ ನಾಟಿತು. ಅತ್ತೆಗೆ ಸೊಸೆ ಬಂದಳು, ಇನ್ನು ಕಾಯುವ ಪಾಳಿ ನನ್ನದು ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಮರುದಿನದಿಂದ ಸಂಗಮ್ಮ ಹೊತ್ತಿಗೆ ಸರಿಯಾಗಿ ಉಂಡಳು, ಸೂಗಮ್ಮ ಗಾಡಿ ಕಾಯ್ದಳು. "ಉಣ್ಣ ಹುಚ್ಚಿ" ಎಂದು ಅತ್ತೆ ಎಷ್ಟು ಬೈದರೂ ಕೇಳಲಿಲ್ಲ. ಅತ್ತೆ ಲಿಂಗೈಕ್ಯಳಾದ ಮೇಲಂತೂ ಆ ಪದ್ಧತಿ ಕಲ್ಲಿನಲ್ಲಿ ಕೊರೆದಂತಾಯಿತು. ಗಾಡಿಗಳು ಬದಲಾದವು, ಡ್ರೈವರರು ಬದಲಾದರು, ಊರ ಹೊರಗೆ ಕಾರ್ಖಾನೆಗಳೆದ್ದು ಮಧ್ಯಾಹ್ನಕ್ಕೊಂದು ಭೋಂಗಾ ಕೂಗತೊಡಗಿತು. ಸೂಗಮ್ಮ ಮಾತ್ರ ಬದಲಾಗಲಿಲ್ಲ.

ಸಾವಿರದ ಒಂಬೈನೂರ ಎಂಬತ್ತರ ಈಚೆಗೆ ಅವಳ ಎದೆಯಲ್ಲಿ ಗಂಟೊಂದು ಕಾಣಿಸಿತು. ಕಾಣಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಹಿಡಿದವಳು ಬಗಲ ಮನೆಯ ಬಳೆಗಾರ್ತಿ ಅಕ್ಬರಿ. ನಾಗರಪಂಚಮಿಗೆ ಬಳೆ ಇಡಿಸಲು ಕುಳಿತಾಗ ಸೂಗಮ್ಮನ ತೋಳು ಮೇಲೇಳಲೊಲ್ಲದು. ಅಕ್ಬರಿ ಬಳೆಗಳನ್ನು ಬುಟ್ಟಿಗೆ ಹಾಕಿ ಬಾಗಿಲು ಮುಚ್ಚಿದಳು. "ಏನ ಮುಚ್ಚಿಟ್ಟೀದಿ? ತೋರಸ್ತೀಯೋ, ನಾನೇ ಕುಬಸ ಬಿಚ್ಚಲೋ?" ಎಂದಳು.

ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು, ಗಂಟಿದ್ದ ಜಾಗ ಸುಡಲು ಕರೆಂಟು ಕೊಡಿಸುವುದೂ ಆಯಿತು. ಕೊನೆಗೆ ಮರಾಠಿ ಮಾತಾಡುವ ಡಾಕ್ಟರಮ್ಮ ಗುಳಿಗೆ ಕೈಗಿಟ್ಟು ತಿಳಿಸಿ ಹೇಳಿದಳು. ಕ್ಯಾನ್ಸರ್ ಮತ್ತೆ ತಲೆ ಎತ್ತಬಾರದೆಂದರೆ ಈ ಗುಳಿಗೆಯನ್ನು ದಿನಕ್ಕೊಂದರಂತೆ ವರ್ಷಗಟ್ಟಲೆ ನುಂಗಬೇಕು. ಉಂಡ ಮೇಲೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದಿಲ್ಲ. ಹೊತ್ತು ಯಾವುದಾದರೂ ಆದೀತು, ನೀನೇ ಆರಿಸಿಕೋ. ಆದರೆ ಆರಿಸಿದ ಹೊತ್ತನ್ನು ದಿನಾ ಕದಲಿಸಬೇಡ, ಕದಲಿಸಿದರೆ ಮರೆತು ಹೋಗುತ್ತದೆ, ಮರೆತರೆ ಗುಳಿಗೆ ಇದ್ದೂ ಇಲ್ಲದಂತೆ.

ನೀನೇ ಆರಿಸಿಕೋ! ಸೂಗಮ್ಮನಿಗೆ ಆ ವಯಸ್ಸಿನತನಕ ಯಾರೂ ಆ ಮಾತು ಹೇಳಿರಲಿಲ್ಲ. ಬರುವ ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿ ಬೆಲ್ಲದ ಹರಳಿನಂತೆ ಹೊರಳಿಸಿದಳು.

ಅವಳನ್ನು ಮರ್ಯಾದೆಯಿಂದ ಬಾಯಿ ಎಂದು ಕರೆಯುತ್ತಿದ್ದ ಖಾನಾವಳಿಯ ಗಿರಾಕಿಗಳೆಲ್ಲ ಡಾಕ್ಟರರಾದರು. "ಬೆಳ್ಳಂಬೆಳಿಗ್ಗಿ ನುಂಗ್ರಿ ಬಾಯಿ, ಹೊಲಕ್ಕ ನೀರ ಬಿಟ್ಟಂಗ ಮೈತುಂಬ ಹರದಾಡ್ತದ" ಎಂದ ಹಮಾಲ ಪಂಡರಿ.

"ನಿನಗೇನ ತಿಳಿತದಲೇ ಚೀಲಾ? ಸಂಜಿಗಿ ನುಂಗಬೇಕು. ಮಲಗಿದಾಗ ಔಷಧಕ್ಕ ಪುರಸೊತ್ತ ಸಿಗತದ" ಎಂದ ಕಲ್ಯಾಣದ ಗಾಡಿಯ ಡ್ರೈವರ ದಿಗಂಬರ.

ಸೂಗಮ್ಮ ಎರಡನ್ನೂ ಮಾಡಿ ನೋಡಿದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಚಹಾದ ಜೊತೆ ನುಂಗಿದರೆ, ಒಲೆಯ ಹೊಗೆ ಮೂಗಿಗೆ ತಾಗಿದ್ದೇ ತಡ, ಹೊಟ್ಟೆ ಬುಡಮೇಲಾಗುತ್ತಿತ್ತು. ಅವಳು ಹಿತ್ತಲಿಗೆ ಓಡಬೇಕು, ಹಂಚಿನ ಮೇಲಿನ ರೊಟ್ಟಿ ಕರಕಾಗಬೇಕು. ಅವಳ ಕೈಯಲ್ಲಿ ರೊಟ್ಟಿ ಕರಕಾದದ್ದನ್ನು ಬಜಾರು ಅದೇ ಮೊದಲು ಕಂಡಿತು. ಸಂಜೆಗೆ ಬದಲಿಸಿದಳು. ಹಾಸಿಗೆಗೆ ಒರಗುತ್ತಲೇ ಮೈಯೊಳಗೆ ಕುಲುಮೆ ಊದಿದಂತೆ ಕಾವು ಏರುತ್ತಿತ್ತು. ನಿದ್ದೆ ಹಾಳು, ಮರುದಿನ ಕೈಯಲ್ಲಿ ಕಸುವಿಲ್ಲ.

ಉಳಿದದ್ದು ಮಧ್ಯಾಹ್ನ. ಹೊಟ್ಟೆತುಂಬ ಉಂಡು ನುಂಗಿದರೆ ಯಾವ ತಕರಾರೂ ಇರಲಿಲ್ಲ. ಮಧ್ಯಾಹ್ನದ್ದೇ ಹೊತ್ತು ಎಂದು ಆರಿಸಿಕೊಂಡಳು. ಸ್ನಾನ ಮಾಡಿ ಸೀರೆ ಉಟ್ಟ ಕೂಡಲೇ ಅಂದಿನ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಳ್ಳುವಳು. ಉಂಡ ಮೇಲೆ ಗಂಟು ಬಿಚ್ಚುವುದು.

ಆದರೆ ಉಣ್ಣಬೇಕಲ್ಲ! ಕಲ್ಯಾಣದ ಗಾಡಿ ಬರಬೇಕು. ಗಾಡಿ ಒಂದು ದಿನ ಬೇಗ, ಒಂದು ದಿನ ತಡ. ತಡವಾದ ದಿನ ಬಂದವರಿಗೆ ಬಡಿಸಿ, ಪಾತ್ರೆ ತಿಕ್ಕಿ, ಉಳಿದ ಚೂರು ಬಾಯಿಗೆ ಹಾಕಿಕೊಂಡು ಮಲಗಿದರೆ ಗಂಟಿನ ನೆನಪೇ ಇಲ್ಲ. ಒಂದು ಬೆಳಿಗ್ಗೆ ಒಗೆಯುವ ಕಲ್ಲಿನ ಮೇಲೆ ಸೀರೆ ಕುಕ್ಕುವಾಗ ಸೆರಗಿನ ತುದಿಯಿಂದ ಬಿಳಿ ನೀರು ಇಳಿಯಿತು. ಪಕ್ಕದ ಕಲ್ಲಿನ ಮೇಲೆ ಅಕ್ಬರಿ ಇದ್ದಳು.

"ಅಯ್ಯೋ ಅಲ್ಲಾ! ರೋಗ ನಿನಗ ಬಂದದೋ, ನಿನ ಸೀರಿಗಿ ಬಂದದೋ?" ಎಂದು ಸೆರಗು ಕಸಿದುಕೊಂಡಳು. "ಇದು ಎಷ್ಟನೇದು ಹೇಳು. ಸುಳ್ಳ ಹೇಳಬ್ಯಾಡ."

ಸೂಗಮ್ಮ ಒಂದೊಂದೇ ಬೆರಳು ಮಡಿಚತೊಡಗಿದಳು. ಎರಡನೇ ಕೈಗೆ ಬಂದಾಗ ಅಕ್ಬರಿಗೆ ಲೆಕ್ಕ ಸಾಕಾಯಿತು.

ಅಕ್ಬರಿ ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋಗಿ ದಿಗಂಬರನ ಅಂಗಿ ಹಿಡಿದಳು. ಪಾಪ, ಅವನು ಕೆಲವು ದಿನ ಜೀವ ಒತ್ತೆಯಿಟ್ಟು ಗಾಡಿ ಓಡಿಸಿದ. ರಾಜೇಶ್ವರದಲ್ಲಿ ಮೇಕೆ ಹತ್ತಿಸುವವರ ಜಗಳ ಬಿಡಿಸುವುದನ್ನೇ ಬಿಟ್ಟ, ಚಹಾ ಬಿಟ್ಟ. ಆದರೂ ಟೈರು ಅವನ ಮಾತು ಕೇಳಬೇಕಲ್ಲ. "ಬಾಯಿ, ನನ್ನ ಗಾಡಿ ನಂಬಬ್ಯಾಡ್ರಿ. ನಿಮ್ಮ ಜೀವ ನನ ಕೊರಳಿಗಿ ಕಟ್ಟಬ್ಯಾಡ್ರಿ, ಕೈ ಮುಗೀತೀನಿ" ಎಂದು ಸೋತು ಹೇಳಿದ.

"ನಾ ಮೊದಲ ಉಂಡು, ಹಸದು ಬಂದವ್ರ ಮುಂದ ಹ್ಯಾಂಗ ನಿಂದರಲೋ ಯಪ್ಪಾ? ನಮ್ಮತ್ತಿ ಹಂಗ ಮಾಡಿದ್ದಿಲ್ಲ" ಎಂದಳು ಸೂಗಮ್ಮ. ಅತ್ತೆಯ ಹೆಸರು ಬಂದಲ್ಲಿಗೆ ಎಲ್ಲರೂ ತಂತಮ್ಮ ಕೆಲಸಕ್ಕೆ ಏಳುತ್ತಿದ್ದರು.

ಮತ್ತೊಂದು ದಿನವೂ ಹಾಗೆಯೇ ಆಯಿತು. ಹಮಾಲರು ಉಣ್ಣುತ್ತಿದ್ದರು, ಗಾಡಿಯ ಸುಳಿವಿರಲಿಲ್ಲ. ಅಕ್ಬರಿ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕಿಳಿದಿದ್ದಳು. "ಸೊಲ್ಲಾಪುರದ ಡಾಕ್ಟರನಿ ಮುಂದಿನ ವಾರ ಕೇಳ್ತಾಳ. ಏನ ಹೇಳ್ತಿ? ನಮ್ಮ ಸತ್ತ ಅತ್ತಿ ಪರವಾನಗಿ ಕೊಡಲಿಲ್ರಿ ಅಂತೀಯೇನು?"

ಮೂಲೆಯಲ್ಲಿ ಸೂಗಮ್ಮನ ಗಂಡ ಮಹಾರುದ್ರಪ್ಪ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುತ್ತಿದ್ದ. ಅವನ ಮಾತು ಕೇಳಿದವರು ಊರಲ್ಲೇ ಕಡಿಮೆ. ಒನಕೆ ನಿಂತಿತು.

"ಅವ್ವ ಆವತ್ತ ಮಧ್ಯಾಹ್ನನೇ ಉಂಡಿದ್ಲು" ಎಂದ.

ಎಲ್ಲರೂ ಅತ್ತ ತಿರುಗಿದರು. "ಯಾವತ್ತ?" ಎಂದಳು ಸೂಗಮ್ಮ.

"ನೀ ಬಾಳುವೆಗಿ ಬಂದ ದಿನ. ಭರಪೂರ ಉಂಡಿದ್ಲು, ನಾನೇ ಝುಣಕ ಬಡಿಸಿದ್ದೆ. ಸಂಜಿ ಊಟನೂ ಮುಗದ ಮ್ಯಾಲ ನೀ ಬಂದಿ. ಹೊಸಾ ಹುಡುಗಿ ಒಬ್ಬಾಕಿನೇ ಕುಂತ್ರ ನಾಚಿ ಅರ್ಧ ಹೊಟ್ಟಿ ಏಳತಾಳ ಅಂತ ಮತ್ತ ಕುಂತ್ಲು. ಉಂಡಿಲ್ಲ ಅಂದದ್ದು ಸುಳ್ಳು. ಆಮ್ಯಾಗ ಹೊಟ್ಟಿ ಉಬ್ಬಿ ಅಜವಾನ ತಿಂದು ಅಂಗಳದಾಗ ತಿರಗ್ಯಾಡಿದ್ಲು."

ಸೂಗಮ್ಮನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ಉಳಿಯಿತು. ಅತ್ತೆ ಮುರಿದುಕೊಂಡ ಅರ್ಧ ರೊಟ್ಟಿ ಕಣ್ಣ ಮುಂದೆ ಬಂತು. ಆ ಅರ್ಧವನ್ನೂ ಎಷ್ಟು ಹೊತ್ತು ಅಗಿದಿದ್ದಳು!

"ಇಷ್ಟ ವರ್ಷ ಯಾಕ ಹೇಳಲಿಲ್ರಿ?" ದನಿ ಸಿಟ್ಟಿನದೋ ಅಳುವಿನದೋ ಅವಳಿಗೇ ತಿಳಿಯಲಿಲ್ಲ.

"ಹೇಳಬಾರದಂತ ಅವ್ವ ಆಣಿ ಹಾಕಿದ್ಲು. ಆಕಿ ಸುಳ್ಳ ಹೇಳಿದ್ದು ಸೊಸಿಗಿ ತಿಳದ್ರ ಮರ್ಯಾದಿ ಏನ ಉಳಿತದ ಅಂದ್ಲು." ಮಹಾರುದ್ರಪ್ಪ ಒನಕೆಯ ತುದಿ ನೋಡುತ್ತ ಹೇಳಿದ. "ಈಗ ಆಣಿ ಮುರದೀನಿ. ಪಾಪ ಹತ್ತೂದಿದ್ರ ನನಗ ಹತ್ತಲಿ. ನೀ ಉಣ್ಣ."

ಗಂಡನ ಬಾಯಿಂದ ಅಷ್ಟು ಉದ್ದದ ಮಾತು ಅವಳು ಕೇಳಿದ್ದೇ ಇಲ್ಲ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು ಒಟ್ಟಿಗೇ ಬಂದವು. "ಎಲಾ ನಮ್ಮತ್ತಿ! ಎಂಥಾ ಕಳ್ಳಿ ಇದ್ಲರೀ!" ಎಂದಳು.

ಕೈ ತೊಳೆದು ತಾಟು ತೆಗೆದಳು. ಸೆರಗಿನ ಗಂಟು ಬಿಚ್ಚಿ ಗುಳಿಗೆಯನ್ನು ತಾಟಿನ ಬಗಲಿಗಿಟ್ಟು, ಹಮಾಲರ ಸಾಲಿನಲ್ಲಿ ಗೋಣಿತಟ್ಟಿನ ಮೇಲೆ ಕುಳಿತಳು. ಆ ಮನೆಯಲ್ಲಿ ಗಾಡಿ ಕಾಯದೆ ಅವಳು ಮಧ್ಯಾಹ್ನ ಉಣ್ಣಲು ಕುಳಿತದ್ದು ಅದೇ ಮೊದಲು.

"ಯಾರೂ ನೋಡಬ್ಯಾಡ್ರಲೇ, ಸೂಗಮ್ಮ ಬಾಯಿಗಿ ದಿಟ್ಟಿ ಆಗ್ತದ" ಎಂದು ಪಂಡರಿ ಎಲ್ಲರ ಮುಖ ಗೋಡೆಗೆ ತಿರುಗಿಸಿದ. ತಾನು ಮಾತ್ರ ಓರೆಗಣ್ಣಿನಲ್ಲಿ ನೋಡಿದ. ಅವಳು ಕೊನೆಯ ತುತ್ತಿಗೆ ಮಜ್ಜಿಗೆ ಸುರಿದುಕೊಳ್ಳುವಾಗ ಕಾರ್ಖಾನೆಯ ಭೋಂಗಾ ಕೂಗಿತು. ಗುಳಿಗೆ ನುಂಗಿ, ನೀರು ಕುಡಿದು, ಅಕ್ಬರಿಯತ್ತ ಬಾಯಿ ತೆರೆದು ತೋರಿಸಿದಳು. ಅಕ್ಬರಿ ಹತ್ತಿರ ಬಂದು ಕೂಸಿನ ಬಾಯಿ ನೋಡುವಂತೆ ನಾಲಿಗೆಯ ಕೆಳಗೂ ನೋಡಿಯೇ ಹೋದಳು. ಅಂದಿನಿಂದ ಆ ಭೋಂಗಾವೇ ಸೂಗಮ್ಮನ ಗುಳಿಗೆಯ ಹೊತ್ತಾಯಿತು. ಮುಂದೆ ಅವಳು ಹಲವು ವರ್ಷ ರೊಟ್ಟಿ ಬಡಿದದ್ದು ಆ ಹೊತ್ತಿನ ಪುಣ್ಯದಿಂದ ಎಂದು ಹಮಾಲರು ಇಂದಿಗೂ ಹೇಳುತ್ತಾರೆ.

ಆ ದಿನ ಕಲ್ಯಾಣದ ಗಾಡಿ ಬಂದಾಗ ಬಿಸಿಲು ಹಳದಿಯಾಗಿತ್ತು. ದಿಗಂಬರನ ಹಿಂದೆ ಕಂಕುಳಲ್ಲಿ ಕೂಸು ಹೊತ್ತ ಹರೆಯದ ಹೆಣ್ಣುಮಗಳೊಬ್ಬಳು ಬಂದು ಬಾಗಿಲಲ್ಲೇ ನಿಂತಳು. ಇಲ್ಲಿ ಗಾಡಿ ಬದಲಿಸಿ ಮುಂದೆ ಮನ್ನಾಏಖೇಳ್ಳಿ ಊರಿಗೆ ಹೋಗುವವಳು. ಒಳಗೆ ಯಾರೂ ಉಣ್ಣುತ್ತಿಲ್ಲ, ತಾಟುಗಳೆಲ್ಲ ತೊಳೆದು ಬೋರಲಾಗಿವೆ. ಅದನ್ನು ನೋಡಿ ಅವಳು ಹಿಂದೆ ಸರಿದಳು. "ಹೊತ್ತಾಗೇದ, ಇರಲಿ ಬಿಡ್ರಿ, ಹಸಿವಿಲ್ಲ" ಎಂದಳು.

ಸೂಗಮ್ಮ ಎದ್ದು ಹೋಗಿ ಅವಳ ಕೈ ಹಿಡಿದಳು. "ಬಾ ನನ ಯವ್ವಾ. ನಿನ್ನ ದಾರಿನೇ ಕಾಯಾಕತ್ತಿದ್ದೆ. ನಾನೂ ಉಂಡಿಲ್ಲ, ನಡಿ."

ಒಲೆಯ ಮುಂದೆ ಇಬ್ಬರೂ ಕುಳಿತರು. ಸೂಗಮ್ಮ ಅರ್ಧ ರೊಟ್ಟಿ ಮುರಿದುಕೊಂಡು ನಿಧಾನಕ್ಕೆ ಅಗಿಯತೊಡಗಿದಳು. ಮಹಾರುದ್ರಪ್ಪ ಮೂಲೆಯಿಂದ ಎದ್ದು ಗೋಡೆಯ ಮಾಡದಲ್ಲಿದ್ದ ಡಬ್ಬಿ ತೆಗೆದ. ಒಂದು ಚಿಟಿಕೆ ಅಜವಾನ ತಂದು ಅವಳ ತಾಟಿನ ಬಗಲಿಗಿಟ್ಟು, ಮತ್ತೆ ಒನಕೆ ಎತ್ತಿಕೊಂಡ.