ಪ್ಯಾನೆಲ್ ಕಾಯ್ದ ಕರಿ ಛತ್ರಿ

ಹೋದ ವರ್ಷದ ಬೇಸಿಗೆಯ ಮಾತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ, ಕಲಬುರಗಿಯಿಂದ ಪುಣೆಯ ದೇಹೂ ರೋಡಿಗೆ ಬಂದ ನಾನು, ಮಗಳು ಹೈಸ್ಕೂಲು ಸೇರುವವರೆಗೂ ಮನೆಯಲ್ಲೇ ಇದ್ದೆ. ಆಮೇಲೆ ಕೆಲಸಕ್ಕೆ ಅರ್ಜಿ ಹಾಕಿದರೆ ಯಾರೂ ಮೂಸಿ ನೋಡಲಿಲ್ಲ. ವಿಮಾನ ನಗರದ ಒಂದು ಸಣ್ಣ ಸೋಲಾರ್ ಕಂಪನಿಯವರು ಮಾತ್ರ, "ಸರ್ಟಿಫಿಕೇಟ್ ಹಳೆಯದಾಯಿತು. ನೀವೇ ಮಾಡಿದ್ದು ಏನಾದರೂ ಇದ್ದರೆ ತನ್ನಿ, ನೋಡೋಣ" ಎಂದರು. ಅದೊಂದೇ ಬಾಗಿಲು ತೆರೆದಿತ್ತು.

ಎಂಪಿಪಿಟಿ ಮಾಡಲು ಕೂತೆ. ಬಿಸಿಲಿನಲ್ಲಿ ಪ್ಯಾನೆಲ್ ಎಷ್ಟು ಕರೆಂಟ್ ಕೊಡಬಲ್ಲದೋ ಅಷ್ಟನ್ನೂ ಹಿಂಡಿ ಬ್ಯಾಟರಿಗೆ ತುಂಬುವ ಪುಟ್ಟ ಸಾಧನ ಅದು. ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿಯಲು ಗುಂಡಿಯನ್ನು ಆಚೆ ಈಚೆ ತಿರುವುತ್ತೇವಲ್ಲ, ಹಾಗೆ ಅದು ವೋಲ್ಟೇಜನ್ನು ಚೂರು ಸರಿಸಿ ನೋಡುತ್ತದೆ. ಕರೆಂಟ್ ಜಾಸ್ತಿ ಬಂದರೆ ಅದೇ ದಾರಿ, ಇಲ್ಲದಿದ್ದರೆ ಹಿಂದಕ್ಕೆ. ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಸಾಮಾನು ತಂದು ಬೆಸುಗೆ ಹಾಕಿದೆ. ಎರಡು ಸಣ್ಣ ಪ್ಯಾನೆಲ್‌ಗಳನ್ನು ಜೋಡಿಸಿ ಮಾಳಿಗೆಯ ಮೇಲೆ ಇಟ್ಟಿಗೆಗೆ ಒರಗಿಸಿದೆ. ವೈರನ್ನು ಕೆಳಗೆ ಕೋಣೆಗೆ ಎಳೆದು, ಫ್ಯಾನಿನ ಗಾಳಿಯಲ್ಲಿ ಕೂತು ಅಂಕಿ ನೋಡುತ್ತಿದ್ದೆ. ಮೊದಮೊದಲು ಎಲ್ಲ ಸರಿಯಾಗಿತ್ತು.

ಆಮೇಲೆ ವಿಚಿತ್ರ ಶುರುವಾಯಿತು. ಬೆಳಿಗ್ಗೆ ಚೆನ್ನಾಗಿ ನಡೆಯುವ ಸಾಧನ, ಮಧ್ಯಾಹ್ನ ಬಿಸಿಲು ನೆತ್ತಿಗೇರುತ್ತಿದ್ದಂತೆ ಮಲಗಿಬಿಡುತ್ತಿತ್ತು. ಕಾವು ಹೆಚ್ಚಾಯಿತೇನೋ ಎಂದು ಬಿಡಿಭಾಗ ಬದಲಿಸಿದೆ. ಪ್ರೋಗ್ರಾಮನ್ನು ಅಳಿಸಿ ಮತ್ತೆ ಬರೆದೆ. ಏನೂ ಫಲ ಸಿಗಲಿಲ್ಲ. ಸಂದರ್ಶನಕ್ಕೆ ಎರಡು ದಿನ ಉಳಿದಿದ್ದಾಗ, ನನ್ನ ತಲೆಗೆ ತುಕ್ಕು ಹಿಡಿದಿದೆ, ಇದು ನನ್ನ ಕೈಲಿ ಆಗುವುದಲ್ಲ ಎಂದು ಖಾತ್ರಿಯಾಯಿತು. ಬರುವುದಿಲ್ಲ ಎಂದು ಕಂಪನಿಗೆ ಮೆಸೇಜ್ ಟೈಪ್ ಮಾಡಿಟ್ಟು, ಪ್ಯಾನೆಲ್ ಕೆಳಗಿಳಿಸಲೆಂದು ಸುಡು ಮಧ್ಯಾಹ್ನ ಮಾಳಿಗೆ ಹತ್ತಿದೆ.

ನೋಡಿದರೆ, ಒಂದು ಪ್ಯಾನೆಲ್ಲಿನ ಮೇಲೆ ಕೋಲಿಗೆ ಕಟ್ಟಿದ ಕರಿ ಛತ್ರಿ ಅರಳಿ ನಿಂತಿದೆ! ಪಕ್ಕದಲ್ಲಿ ಅತ್ತೆ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು.

"ಅತ್ತೀ, ಈ ಛತ್ರಿ ಯಾರ್ ಕಟ್ಟ್ಯಾರ್ರಿ?"

"ನಾನೇ ಕಟ್ಟೀನವಾ. ಕಾಗಿ ಬಂದು ನಿನ್ನ ಹಲಗಿ ಮ್ಯಾಲ ಹೊಲಸು ಮಾಡ್ತಾವ. ಕರಿ ಛತ್ರಿ ಕಂಡ್ರ ಹತ್ರ ಬರಂಗಿಲ್ಲ. ಸಂಡಿಗಿಗೂ ಹಂಗೇ ಕಟ್ಟತೀನಲ್ಲಾ."

ಬೆಳಿಗ್ಗೆ ಛತ್ರಿಯ ನೆರಳು ಆಚೆ ಬೀಳುತ್ತಿತ್ತು. ನಡುಮಧ್ಯಾಹ್ನ ಮಾತ್ರ ನೇರ ಪ್ಯಾನೆಲ್ಲಿನ ಮೇಲೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಬಿಸಲಿಗೆ ಇಟ್ಟಿದ್ದಕ್ಕ ನೆರಳು ಮಾಡ್ತಾರೇನ್ರಿ ಯಾರರೆ?" ಎಂದು ಕೂಗಿಯೇಬಿಟ್ಟೆ.

ಅತ್ತೆಯ ಮುಖ ಸಪ್ಪಗಾಯಿತು. "ನಿನ್ನ ಕೆಲಸ ಕೆಡಬಾರದು ಅಂತ ಮಾಡಿದ್ನವಾ. ತಪ್ಪಾತು" ಎಂದು ಛತ್ರಿ ಬಿಚ್ಚಲು ಎದ್ದರು. ಗಂಟಿಗೆ ಕೈ ಹಾಕಿದ್ದರು, ನಾನು ತಡೆದೆ. ಯಾರ ಮನೆಯ ಮಾಳಿಗೆ ಖಾಲಿ ಇರುತ್ತದೆ? ನೀರಿನ ಟ್ಯಾಂಕು, ಕೇಬಲ್ಲು, ಪಕ್ಕದ ಮನೆಯ ಗೋಡೆ, ಎಲ್ಲ ಕಡೆಯೂ ನೆರಳು ಇದ್ದದ್ದೇ. ಆ ನೆರಳಿಗೆ ಸೋಲುವ ಸಾಧನ ಯಾತಕ್ಕೆ ಬಂತು?

ಎರಡು ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೆರಳು ಬಿದ್ದಾಗ, ರೇಡಿಯೊದಲ್ಲಿ ಎರಡು ಕಡೆ ಸ್ಟೇಷನ್ ಸಿಕ್ಕಂತಾಗುತ್ತದೆ. ಹತ್ತಿರದ್ದು ಕ್ಷೀಣ, ದೂರದ್ದು ಜೋರು. ನನ್ನ ಸಾಧನ ಕ್ಷೀಣವಾದದ್ದನ್ನೇ ಹಿಡಿದು ತೃಪ್ತಿಯಿಂದ ಕೂತಿತ್ತು. ಆಗಾಗ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಪೂರ್ತಿ ಹುಡುಕಿ, ಆಮೇಲೆ ನಿಲ್ಲುವಂತೆ ಪ್ರೋಗ್ರಾಮ್ ತಿದ್ದಿದೆ. ಮರುದಿನ ಅತ್ತೆ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಪ್ಯಾನೆಲ್ಲಿಗೆ ಛತ್ರಿ ಹಿಡಿದು ನಿಂತರು. ನಾನು ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲಲ್ಲಿ ಕೂತೆ.

"ಬಲಕ್ಕ ಸರಸ್ರಿ ಅತ್ತೀ. ಇನ್ನಷ್ಟು."

"ಏರ್ತೇನು?"

"ತಡೀರಿ... ಏರ್ತು!"

ಮೊದಲಿನಷ್ಟು ಬರಲಿಲ್ಲ, ನೆರಳು ನೆರಳೇ. ಆದರೆ ಬಿಸಿಲಲ್ಲಿದ್ದ ಪ್ಯಾನೆಲ್ಲಿನ ಪಾಲು ಪೂರ್ತಿ ಬಂತು. ಅತ್ತೆ ನನಗಿಂತ ಜೋರಾಗಿ ನಕ್ಕರು.

ಪ್ಯಾನೆಲ್‌ಗಳನ್ನು ಹಳೆಯ ಚಾದರದಲ್ಲಿ ಸುತ್ತಿ, ಲೋಕಲ್ ರೈಲು ಹತ್ತಿ ಶಿವಾಜಿನಗರದಲ್ಲಿ ಇಳಿದು, ಬಸ್ಸು ಹಿಡಿದು ವಿಮಾನ ನಗರ ಮುಟ್ಟಿದೆ. ಅಲ್ಲಿನ ಹಿರಿಯ ಎಂಜಿನಿಯರ್ ತಾರಸಿಯ ಮೇಲೆ ಎಲ್ಲವನ್ನೂ ನೋಡಿ, "ಬಿಸಿಲಲ್ಲಿ ಎಲ್ಲರದ್ದೂ ನಡೆಯುತ್ತದೆ" ಎಂದು ಮರಾಠಿಯಲ್ಲಿ ಹೇಳಿ, ಬೇಕೆಂದೇ ಒಂದು ಪ್ಯಾನೆಲ್ಲಿಗೆ ಅಡ್ಡ ನಿಂತರು. ಅಂಕಿ ಧೊಪ್ಪನೆ ಬಿತ್ತು. ಆಮೇಲೆ ಅದು ತಾನಾಗಿಯೇ ತಡಕಾಡಿ ಮೇಲೆ ಬಂದು ನಿಂತಿತು. ಅವರು ಹುಬ್ಬೇರಿಸಿ, "ಇದನ್ನು ಹೇಗೆ ಪರೀಕ್ಷೆ ಮಾಡಿದಿರಿ?" ಎಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ. "ಛತ್ರಿ?" ಎಂದು ಬಿದ್ದು ಬಿದ್ದು ನಕ್ಕರು. ನಂತರ, "ಸೋಮವಾರದಿಂದ ಬನ್ನಿ" ಎಂದರು.

ಶಿವಾಜಿನಗರ ಸ್ಟೇಷನ್ನಿನಿಂದ ಮನೆಗೆ ಫೋನ್ ಮಾಡಿದೆ. ಅತ್ತೆಗೆ ಸುದ್ದಿ ಹೇಳಿದೆ.

"ಮದವಿ ಆದ ವರ್ಷ ನನಗೂ ಅಂಗನವಾಡಿ ಕೆಲಸ ಬಂದಿತ್ತವಾ" ಎಂದರು. "ಮನ್ಯಾಗ ಕಳಸಲಿಲ್ಲ. ಯಾರಿಗೂ ಹೇಳಿಲ್ಲ ನಾ. ನೀ ತಪ್ಪಿಸಬ್ಯಾಡ, ಹೋಗು. ಮನಿ ನಾ ನೋಡ್ಕೋತೀನಿ."

ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ನನಗೆ ಈ ವಿಷಯ ಗೊತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ, ಚಾದರದ ಗಂಟನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆ ಕೆಲಸ ಸಿಕ್ಕಿದ್ದು ನನ್ನೊಬ್ಬಳಿಗೇ ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ.